ಈ ವರ್ಷ ನೀವು ಎಷ್ಟು ಹಕ್ಕಿ ನೋಡಿದ್ರಿ?

ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಅದರ ಪಕ್ಕದಲ್ಲೇ. ಕಿರಾಣಿ ಅಂಗಡಿಯ ಉದ್ರಿ, ಭಿಶಿ ಕಂತು, ಮಕ್ಕಳ ಟ್ಯೂಷನ್ ಫೀ ಎಲ್ಲ ಬಾಯಲ್ಲೇ. ಇಷ್ಟೆಲ್ಲ ಲೆಕ್ಕ ಇಡುವ ನಿಮಗೆ ಇನ್ನೊಂದು ಲೆಕ್ಕ ಇಡೋದು ಕಷ್ಟವೇ? ಇದರಲ್ಲಿ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ಇದು ಹಕ್ಕಿಗಳ ಲೆಕ್ಕ!

"ಯಾಕ್ರೀ, ಮನಿ ಕೆಲಸ ಸಾಲದಾಗೇತೇನು?" ಅಂತ ನಗಬೇಡಿ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ತಾವು ಕಂಡ ಹಕ್ಕಿಗಳ ಜಾತಿಯನ್ನು ಒಂದೊಂದಾಗಿ ಬರೆದಿಡುವುದು ಜಗತ್ತಿನ ಪಕ್ಷಿವೀಕ್ಷಕರ ದೊಡ್ಡ ಹುಚ್ಚು. ಒಂದು ಜಾತಿಗೆ ವರ್ಷಕ್ಕೆ ಒಂದೇ ಅಂಕ. ಹೊಸ ವರ್ಷದ ಬೆಳಿಗ್ಗೆ ಕಂಡ ಕಾಗೆ ಪಟ್ಟಿಯಲ್ಲಿ ನಂಬರ್ ಒನ್ ಆದರೆ, ಆಮೇಲೆ ಸಾವಿರ ಕಾಗೆ ಕಂಡರೂ ಅಂಕ ಅಷ್ಟೇ. ವರ್ಷ ಮುಗಿಯಿತೋ, ಮತ್ತೆ ಸೊನ್ನೆಯಿಂದ ಶುರು. 2015ರಲ್ಲಿ ಅಮೆರಿಕದ ನೋವಾ ಸ್ಟ್ರೈಕರ್ ಎಂಬಾತ ದೇಶ ದೇಶ ಸುತ್ತಿ ಒಂದೇ ವರ್ಷದಲ್ಲಿ 6,042 ಜಾತಿಯ ಹಕ್ಕಿ ನೋಡಿದ. ಮರುವರ್ಷವೇ ನೆದರ್‌ಲೆಂಡ್ಸಿನ ಒಬ್ಬ 6,800 ದಾಟಿಸಿ ಅವನ ದಾಖಲೆ ಮುರಿದ!

ಅವರದು ವಿಮಾನದ ಆಟ ಬಿಡಿ. ನಮಗೆ ಹತ್ತಿರದ ಕಥೆ ಫೀಬಿ ಸ್ನೆಟ್ಸಿಂಗರ್ ಎಂಬ ಅಮೆರಿಕದ ಗೃಹಿಣಿಯದು. ನಾಲ್ಕು ಮಕ್ಕಳ ತಾಯಿ. ಮನೆ, ಅಡುಗೆ, ಮಕ್ಕಳು ಅಂತ ದಿನ ಹೋಗುತ್ತಿದ್ದಾಗ 1965ರಲ್ಲಿ ನೆರೆಮನೆಯಾಕೆ ಕೈಗೊಂದು ದುರ್ಬೀನು ಕೊಟ್ಟು ಹಕ್ಕಿ ತೋರಿಸಿದಳು. ಅಲ್ಲಿಂದ ಹಿಡಿದ ಹುಚ್ಚು. 1981ರಲ್ಲಿ ಕ್ಯಾನ್ಸರ್ ಬಂದು, ವೈದ್ಯರು ಇನ್ನು ಹೆಚ್ಚು ದಿನ ಇಲ್ಲ ಅಂದಾಗ ಆಕೆ ಹಾಸಿಗೆ ಹಿಡಿಯಲಿಲ್ಲ, ಹಕ್ಕಿ ನೋಡಲು ಹೊರಟುಬಿಟ್ಟಳು. ಮುಂದೆ 18 ವರ್ಷ ಬದುಕಿ, ಜೀವಮಾನದ ಪಟ್ಟಿಯಲ್ಲಿ 8,300ಕ್ಕೂ ಹೆಚ್ಚು ಜಾತಿ ಸೇರಿಸಿದಳು. 1999ರಲ್ಲಿ ಮಡಗಾಸ್ಕರ್‌ನಲ್ಲಿ ಹಕ್ಕಿ ನೋಡಲು ಹೋದಾಗಲೇ ವಾಹನ ಅಪಘಾತದಲ್ಲಿ ತೀರಿಕೊಂಡಳು. ಮೆಚ್ಚಬೇಕಾದ ಛಲವೇ. ಆದರೆ ಇದೇ ಪಟ್ಟಿಯ ಬೆನ್ನು ಹತ್ತಿ ಆಕೆ ಸ್ವಂತ ಮಗಳ ಮದುವೆಯನ್ನೂ ತಪ್ಪಿಸಿಕೊಂಡಳಂತೆ. ನನಗೇನೋ ಅದು ಅತಿಯಾಯಿತು ಅನಿಸುತ್ತದೆ. ಲೆಕ್ಕ ನಮ್ಮ ಕೈಯಲ್ಲಿರಬೇಕು, ನಾವು ಲೆಕ್ಕದ ಕೈಗೆ ಸಿಗಬಾರದು ಅಲ್ವಾ?

ನಮ್ಮ ದೇಶದಲ್ಲೂ ಹೆಣ್ಣುಮಕ್ಕಳು ಹಿಂದೆ ಬಿದ್ದಿಲ್ಲ. ಹತ್ತನೇ ಕ್ಲಾಸಿನವರೆಗಷ್ಟೇ ಓದಿದ್ದ ಜಮಾಲ್ ಆರಾ ಅವರು ಛೋಟಾನಾಗಪುರದ ಕಾಡು ಸುತ್ತಿ ಹಕ್ಕಿಗಳ ಬಗ್ಗೆ ಬರೆದರು. ಮಕ್ಕಳಿಗಾಗಿ ಬರೆದ ಅವರ ಪುಸ್ತಕವನ್ನು 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು.

ಮಾಳಿಗೆಯಿಂದಲೇ ಶುರು ಮಾಡಿ

"ನಮ್ಮೂರಾಗ ಏನ್ ಹಕ್ಕಿ ಅದಾವ್ರಿ, ಕಾಗಿ ಗುಬ್ಬಿ ಬಿಟ್ರ?" ಅನ್ನುವವರೇ ಹೆಚ್ಚು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗುತ್ತೀರಲ್ಲ, ಅಲ್ಲೇ ಹದಿನೈದು ನಿಮಿಷ ನಿಂತು ನೋಡಿ. ಕಾಗೆ, ಗುಬ್ಬಿ, ಪಾರಿವಾಳ, ಬೆಳವ, ಗೊರವಂಕ, ಗಿಳಿ, ಹದ್ದು, ಪಿಕಳಾರ, ಬೆಳ್ಳಕ್ಕಿ, ಕಾಜಾಣ, ದಾಸವಾಳಕ್ಕೆ ಬರುವ ಸೂರಕ್ಕಿ... ಆಗಲೇ ಹನ್ನೊಂದು! ಸಂಜೆ ಮಬ್ಬಿನಲ್ಲಿ ಹಳೇ ಗೋಡೆಯ ಸಂದಿಯಿಂದ ಇಣುಕುವ ಹಾಲಕ್ಕಿಯೂ ಲೆಕ್ಕಕ್ಕೆ ಬರುತ್ತದೆ. ಬುಡಬುಡಕಿಯವನು ಬಾಗಿಲಿಗೆ ಬಂದು ಹೇಳುತ್ತಾನಲ್ಲ, ಅದೇ ಹಾಲಕ್ಕಿ.

ಬನಹಟ್ಟಿಯ ಕೆಲವು ಓಣಿಗಳಲ್ಲಿ ಪವರ್‌ಲೂಮ್ ಸದ್ದಿನ ನಡುವೆ ಹಕ್ಕಿಯ ದನಿ ಎಲ್ಲಿ ಕೇಳೀತು ಅಂತೀರಾ? ಕಣ್ಣು ಇದೆಯಲ್ಲ. ಇಲ್ಲವೇ ಕರೆಂಟ್ ಹೋದಾಗ ಹೊರಗೆ ಬನ್ನಿ. ಲೋಡ್ ಶೆಡ್ಡಿಂಗ್‌ನಿಂದ ಅದೊಂದಾದರೂ ಉಪಯೋಗವಾಗಲಿ!

ಇನ್ನು ಊರ ಸುತ್ತ ನೋಡಿ. ನಮ್ಮ ಭಾಗಕ್ಕೆ ನೀರು ಬಂದ ಮೇಲೆ ಕಬ್ಬು ಹೆಚ್ಚಾಯಿತು. ಕೃಷ್ಣೆಯ ದಂಡೆ, ಹಿಪ್ಪರಗಿ ಬ್ಯಾರೇಜು, ಮುಧೋಳದ ಘಟಪ್ರಭೆ, ಬೀಳಗಿ ಕಡೆ ಹರಡಿಕೊಂಡ ಆಲಮಟ್ಟಿ ಹಿನ್ನೀರು ಎಲ್ಲ ನೀರುಹಕ್ಕಿಗಳ ತವರಾಗಿವೆ. ಮುಳುಗಿದ ಹೊಲ-ಮನೆಗಳ ನೋವು ಹಿನ್ನೀರಿನ ಜನಕ್ಕೆ ಗೊತ್ತು. ಅದೇ ನೀರು ಬೇಸಿಗೆಯಲ್ಲಿ ಇಳಿದು ಕೆಸರು ಬಯಲಾದಾಗ ಉದ್ದ ಕಾಲಿನ ರಾಜಹಂಸಗಳು ಬಂದಿಳಿಯುತ್ತವೆ. ಇದಕ್ಕೆ ಪೂರ್ತಿ ಬೇರೆಯದು ಮುಧೋಳ-ಬೀಳಗಿ ನಡುವಿನ ಯಡಹಳ್ಳಿಯ ಒಣ ಕುರುಚಲು ಕಾಡು. 2016ರಲ್ಲಿ ಅದು ಚಿಂಕಾರ ವನ್ಯಜೀವಿ ಧಾಮವಾಯಿತು. ಚಿಂಕಾರ ಅಂದರೆ ಜಿಂಕೆಯಂಥ ಪುಟ್ಟ ಪ್ರಾಣಿ. ಅದಕ್ಕೆ ಬೇಕಾದ ಒಣ ಬಯಲೇ ಟಿಟ್ಟಿಭ, ಕವುಜಗಗಳಿಗೂ ಬೇಕು. ಕಬ್ಬಿನ ಗದ್ದೆಯಲ್ಲಿ ಅವಕ್ಕೆ ಜಾಗ ಇಲ್ಲ.

ಹಬ್ಬಗಳೇ ನಿಮ್ಮ ಕ್ಯಾಲೆಂಡರ್

ಪಟ್ಟಿ ಒಂದೇ ತಿಂಗಳಲ್ಲಿ ತುಂಬುವುದಿಲ್ಲ, ಅದೇ ಇದರ ಮಜಾ. ಕಾರ ಹುಣ್ಣಿಮೆ ಹೊತ್ತಿಗೆ, ಮಳೆ ಮೋಡದ ಜೊತೆಗೇ, ಕಪ್ಪು-ಬಿಳಿ ಮೈ, ತಲೆಯ ಮೇಲೆ ಜುಟ್ಟು ಇರುವ ಚಾತಕ ಬರುತ್ತದೆ. ಮಳೆಗಾಲದಲ್ಲಿ ಬಾವಿಯ ಮೇಲಿನ ಜಾಲಿಗಿಡದಲ್ಲಿ ಗೀಜಗನ ಗೂಡು. ಶೀಗಿ ಹುಣ್ಣಿಮೆ ಹೊತ್ತಿಗೆ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಗಳು ಉತ್ತರದಿಂದ ಬಂದಿಳಿದಿರುತ್ತವೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗ್ತೀರಲ್ಲ, ಊಟದ ಮುಂಚೆ ಬಿಳಿಜೋಳದ ಹೊಲದ ಕಡೆ ಒಮ್ಮೆ ಕಣ್ಣು ಹಾಯಿಸಿ. ಕಪ್ಪು ತಲೆ, ಗುಲಾಬಿ ಮೈಯ ಹಕ್ಕಿಗಳು ಮೋಡದಂತೆ ಏಳುತ್ತ ಇಳಿಯುತ್ತ ಇದ್ದರೆ ಅವು ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾದ ಕಡೆಯಿಂದ ಬಂದ ಅತಿಥಿಗಳು. ರೈತರು ಕವಣೆ ಬೀಸಿ ಓಡಿಸುತ್ತಾರೆ, ಪಾಪ, ತೆನೆ ಉಳಿಯಬೇಕಲ್ಲ. ಆದರೆ ಇವು ಮಿಡತೆಯನ್ನೂ ಚೆನ್ನಾಗಿ ತಿನ್ನುತ್ತವೆ.

ಚಳಿಗಾಲದಲ್ಲಿ ಗದಗ ಕಡೆ ನೆಂಟರಿದ್ದರೆ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಹೋಗಿ ಬನ್ನಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಸೇರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಎರಡು ಅಂತ ಬರೆದರೆ ಮೋಸ!

ನಿಯಮಗಳು ಬಹಳಿಲ್ಲ. ಹಕ್ಕಿ ಜೀವಂತ ಇರಬೇಕು, ಸ್ವತಂತ್ರವಾಗಿರಬೇಕು. ಪಂಜರದ ಗಿಳಿ ನಡೆಯುವುದಿಲ್ಲ. ಅಂದಹಾಗೆ, ನಮ್ಮ ಗಿಳಿಗಳನ್ನು ಪಂಜರದಲ್ಲಿ ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ದನಿ ಕೇಳಿ ಖಚಿತವಾಗಿ ಗುರುತಿಸಿದರೂ ಲೆಕ್ಕಕ್ಕೆ ಬರುತ್ತದೆ. ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ, ಅಂಕ ಬೇಡ.

ಹೊಸಬರು ಬೀಳುವ ಹೊಂಡ ಇನ್ನೊಂದಿದೆ. ಕಪ್ಪು ಮೈ, ಕೆಂಪು ಕಣ್ಣಿನದು ಗಂಡು ಕೋಗಿಲೆ, ಕಂದು ಮೈ ಮೇಲೆ ಬಿಳಿ ಚುಕ್ಕೆಯದು ಹೆಣ್ಣು. ನೋಡಿದವರು ಎರಡು ಜಾತಿ ಅಂದುಕೊಳ್ಳುತ್ತಾರೆ. ದನದ ಹಿಂದೆ ಓಡಾಡುವ ಬೆಳ್ಳಕ್ಕಿಯ ತಲೆ-ಕುತ್ತಿಗೆ ಮರಿ ಮಾಡುವ ಕಾಲದಲ್ಲಿ ಕೇಸರಿಯಾಗುತ್ತದೆ, ಅದೂ ಬೇರೆ ಹಕ್ಕಿಯಲ್ಲ. ಗರುಡ ಮತ್ತು ಕಂದು ಹದ್ದು ಮಾತ್ರ ನಿಜವಾಗಿಯೂ ಎರಡು.

ಹೆಸರೇ ಗೊತ್ತಿಲ್ಲವೇ? ಅತ್ತೆಯನ್ನು ಕೇಳಿ! ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಗೊತ್ತಿರುವಷ್ಟು ಹಕ್ಕಿ ಹೆಸರು ನಮಗೆ ಗೊತ್ತಿಲ್ಲ. ಅವರು ಹೇಳಿದ ಹೆಸರನ್ನೂ ಪಕ್ಕದಲ್ಲೇ ಬರೆದಿಡಿ. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಪುಸ್ತಕ ಕೈಯಲ್ಲಿದ್ದರೆ ಒಳ್ಳೆಯದು. ಮೊಬೈಲಿನಲ್ಲಿ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಫೋಟೋ ತೋರಿಸಿದರೆ ಹೆಸರು ಸೂಚಿಸುತ್ತದೆ. ಆದರೆ ಅದು ಹೇಳಿದ್ದೆಲ್ಲ ವೇದವಾಕ್ಯ ಅಂತ ತಿಳಿಯಬೇಡಿ. ದುರ್ಬೀನು ಆಮೇಲೆ ತಗೊಂಡರಾಯ್ತು, ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು. ಮಾಳಿಗೆ ಮೇಲಿಂದ ಎದುರು ಮನೆ ಕಿಟಕಿ ಕಡೆ ಮಾತ್ರ ಹಿಡೀಬೇಡಿ, ಜಗಳ ಗ್ಯಾರಂಟಿ! ಹಿನ್ನೀರಿನ ಕಡೆ ಒಬ್ಬರೇ ಹೋಗಬೇಡಿ, ಅಲ್ಲಿನ ಕೆಸರಿನ ಆಳ ಮೇಲಿಂದ ತಿಳಿಯುವುದಿಲ್ಲ. ಗೂಡಿನ ಹತ್ತಿರ ಹೋಗುವುದೂ ಬೇಡ.

ಈ ಚೀಟಿ ಯಾರಿಗೆ ಬೇಕು?

ಗುಬ್ಬಿ ಕಾಣೆಯಾದವು ಅಂತ ಎಲ್ಲರೂ ಹೇಳುತ್ತೇವೆ. ಮೊದಲು ನಿಮ್ಮ ಹಿತ್ತಲಲ್ಲಿ ಎಷ್ಟಿದ್ದವು? ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ಕಡೆಯ ಲೆಕ್ಕ ನೋಡಿದರೆ, ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆಯಾಗಿದ್ದರೂ ಇಡೀ ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿವೆ ಅಂತ 2020ರ ದೇಶವ್ಯಾಪಿ ಹಕ್ಕಿ ವರದಿ ಹೇಳಿತು. 2023ರಲ್ಲಿ ಬಂದ ಮುಂದಿನ ವರದಿಗೆ ಆಧಾರ ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ 3 ಕೋಟಿ ದಾಖಲೆಗಳು! 942 ಜಾತಿಗಳ ಸ್ಥಿತಿಗತಿ ಅದರಲ್ಲಿದೆ. ಕೋಗಿಲೆ ಹೆಚ್ಚಾಗಿವೆಯಂತೆ. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಮಾತ್ರ ಶೇ. 30ಕ್ಕೂ ಹೆಚ್ಚು ಕಡಿಮೆಯಾಗಿದೆ. ಎಲ್ಲ ಕಡೆ ಕಾಣುವ ಹಕ್ಕಿ ಅಂತ ನಾವು ಲಕ್ಷ್ಯ ಕೊಡದೇ ಇದ್ದದ್ದು!

ಇಂಥ ಲೆಕ್ಕಕ್ಕೆ ನಮ್ಮಂಥ ಸಣ್ಣ ಊರುಗಳ ಚೀಟಿಯೇ ಬೇಕು. ಬೆಂಗಳೂರು, ಮೈಸೂರಿನಲ್ಲಿ ನೋಡುವವರು ಬಹಳ ಮಂದಿ. ನಿಮ್ಮ ಓಣಿಯಲ್ಲಿ ನೀವಲ್ಲದೆ ಯಾರು? ಅದಕ್ಕೆ ಜಾತಿಯ ಹೆಸರಿನ ಜೊತೆ ತಾರೀಖು, ಜಾಗ, ಎಷ್ಟು ಹೊತ್ತು ನೋಡಿದಿರಿ, ಎಷ್ಟು ಹಕ್ಕಿ ಇದ್ದವು ಅಂತಲೂ ಬರೆಯಿರಿ. ನೂರು ಊರಿಗೆ ಒಮ್ಮೆ ಹೋಗಿ ಬರೆದ ಪಟ್ಟಿಗಿಂತ ಒಂದೇ ಮಾಳಿಗೆಯಿಂದ ವಾರಕ್ಕೊಮ್ಮೆ ಬರೆದ ಪಟ್ಟಿಯಲ್ಲಿ ಏರಿಳಿತ ಚೆನ್ನಾಗಿ ತಿಳಿಯುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಇಬರ್ಡ್ ಎಂಬ ಉಚಿತ ಆ್ಯಪ್‌ಗೆ ಹಾಕಿಸಿ, ವರ್ಷದ ಒಟ್ಟು ಅಂಕ ಅದೇ ಕೂಡಿಸಿಕೊಡುತ್ತದೆ. ಫೆಬ್ರವರಿ ಮಧ್ಯದಲ್ಲಿ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ನೋಡಿ ಪಟ್ಟಿ ಕಳಿಸಿದರೆ ನೀವೂ ಅದರಲ್ಲಿ ಒಬ್ಬರು.

ಮುಂದಿನ ಸಲ ಮುಧೋಳದಿಂದ ಜಮಖಂಡಿಗೆ ಬಸ್ಸಿನಲ್ಲಿ ಹೊರಟಾಗ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಕರೆಂಟ್ ತಂತಿಯ ಮೇಲೆ ಪಾರಿವಾಳದಷ್ಟು ದೊಡ್ಡ, ಮಾಸಲು ಕಂದು ಬಣ್ಣದ ಹಕ್ಕಿ ಕೂತಿದ್ದರೆ ಅದು ಹಾರುವುದನ್ನೇ ಕಾಯಿರಿ. ರೆಕ್ಕೆ ಬಿಚ್ಚಿದಾಗ ಪೀಕಾಕ್ ಬ್ಲೂ ಹೊಳೆದರೆ ನೀಲಕಂಠ. ಊರು ಬರುವವರೆಗೂ ಎಷ್ಟು ಕಂಡವು ಅಂತ ಎಣಿಸಿ, ಟಿಕೆಟ್‌ನ ಹಿಂದೆ ತಾರೀಖು ಹಾಕಿ ಬರೆದುಕೊಳ್ಳಿ. ಒಂದೂ ಕಾಣಲಿಲ್ಲವೇ? ಹಾಗಿದ್ದರೆ ಸೊನ್ನೆ ಅಂತಲೇ ಬರೆಯಿರಿ.