ವಿಮಾನದ ಸದ್ದು ತಗ್ಗಿದರೆ ಅದರ ಬೆಲೆ ಎಷ್ಟು?

ಪ್ರಶ್ನೆ: ವಿಮಾನದ ಸದ್ದು ಕಡಿಮೆಯಾದರೆ ಜನರಿಗಾಗುವ ಲಾಭವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಬಹುದೇ?
– ಕುಷ್ಟಗಿಯ ಓದುಗರು

ಉತ್ತರ: ಹಾಕಬಹುದು. ಒಂದು ದಾರಿ, ಮನೆಗಳ ಬೆಲೆ. ಒಂದೇ ಅಳತೆಯ, ಒಂದೇ ಸೌಕರ್ಯದ ಎರಡು ಮನೆಗಳಲ್ಲಿ ವಿಮಾನ ಹಾರುವ ಹಾದಿಯ ಕೆಳಗಿನದು ಅಗ್ಗವಾದರೆ, ಆ ವ್ಯತ್ಯಾಸವೇ ನೆಮ್ಮದಿಯ ಬೆಲೆ. ಆದರೆ 2008ರಲ್ಲಿ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್‌ಎಎಲ್‌ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದಾಗ ಅಲ್ಲಿ ಸದ್ದಿನ ಜೊತೆ ಜಮೀನಿನ ಬೆಲೆಯೂ ಏರಿತು. ಎರಡನ್ನೂ ಬಿಡಿಸಿ ನೋಡುವುದೇ ಕಷ್ಟದ ಕೆಲಸ.

ಇನ್ನೊಂದು ದಾರಿ, ನೇರವಾಗಿ ಕೇಳುವುದು: ‘ರಾತ್ರಿ ಹಾರಾಟ ನಿಂತರೆ ತಿಂಗಳಿಗೆ ಎಷ್ಟು ಕೊಡುತ್ತೀರಿ?’ ಕೂಲಿಕಾರರು ಹತ್ತು ರೂಪಾಯಿ ಎಂದರೆ ಅವರಿಗೆ ನಿದ್ದೆ ಬೇಡವೆಂದಲ್ಲ, ಕೈಯಲ್ಲಿ ಕಾಸಿಲ್ಲ. ಅದಕ್ಕೇ ‘ಸಹಿಸಲು ಎಷ್ಟು ಪರಿಹಾರ ಬೇಕು?’ ಎಂದೂ ಕೇಳಬೇಕು.

ಯಾವ ದಾರಿ ಹಿಡಿದರೂ ಮೊದಲು ಎಷ್ಟು ಸದ್ದಿತ್ತೆಂದು ತಿಳಿದಿರಬೇಕು. ನಿಮ್ಮ ಜಿಲ್ಲೆಯಲ್ಲೇ, ಕೊಪ್ಪಳದ ಬಳಿ ಈಗಾಗಲೇ ಖಾಸಗಿ ಏರ್‌ಸ್ಟ್ರಿಪ್ ಇದೆ. ಅಲ್ಲಿ ಹಾರಾಟ ಹೆಚ್ಚುವ ಮೊದಲೇ ಸುತ್ತಲಿನ ಊರುಗಳ ಸದ್ದನ್ನು ಅಳೆದಿಡಿ ಎಂದು ಜಿಲ್ಲಾಡಳಿತವನ್ನು ಒತ್ತಾಯಿಸಿ.