ನ್ಯಾನೋಮೀಟರ್ ಎತ್ತರಕ್ಕೆ ಬೆಳಕೇ ಅಳತೆಗೋಲು

ಕನ್ನಡಿಯಂತೆ ಹೊಳಪು ಕೊಟ್ಟ ಉಕ್ಕಿನ ಮೇಲೂ ಗೀರು, ಗುಳಿ, ದಿಬ್ಬಗಳು ಇದ್ದೇ ಇರುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಗೀರು ಕಂಡೀತು. ಆದರೆ ಅದರ ಆಳ ಎಷ್ಟೆಂದು ತಿಳಿಯದು. ವ್ಯತಿಕರಣ ಸೂಕ್ಷ್ಮದರ್ಶಕ ಅದನ್ನು ಮುಟ್ಟದೆಯೇ ಅಳೆದುಕೊಡುತ್ತದೆ.

ಗುಟ್ಟಿರುವುದು ಮಸೂರದ ಒಳಗೆ. ಮಿರಾವ್ ಬಗೆಯ ಮಸೂರದಲ್ಲಿ ಅರೆಪಾಲು ಪ್ರತಿಫಲಿಸುವ ಗಾಜೊಂದು ಬೆಳಕನ್ನು ಎರಡಾಗಿ ಸೀಳುತ್ತದೆ. ಒಂದು ಕವಲು ಮಾದರಿಗೆ ಬಡಿದು ಮರಳುತ್ತದೆ, ಇನ್ನೊಂದು ಅಲ್ಲೇ ಇರುವ ಪುಟ್ಟ ಕನ್ನಡಿಗೆ ತಾಗಿ ಮರಳುತ್ತದೆ. ಎರಡೂ ಕೂಡುವಾಗ ಅಲೆಯ ಉಬ್ಬಿಗೆ ಉಬ್ಬು ಸೇರಿದಲ್ಲಿ ಬೆಳಕು, ಉಬ್ಬಿಗೆ ತಗ್ಗು ಸೇರಿದಲ್ಲಿ ಕತ್ತಲು. ಹೀಗೆ ಮೂಡುವ ಪಟ್ಟೆಗಳೇ ನಮ್ಮ ಅಳತೆಗೋಲು. ಬೆಳಕು ಹೋಗಿ ಬರುವುದರಿಂದ ಒಂದು ಪಟ್ಟೆಗೂ ಮುಂದಿನದಕ್ಕೂ ನಡುವಿನ ಎತ್ತರ ತರಂಗಾಂತರದ ಅರ್ಧ. 550 ನ್ಯಾನೋಮೀಟರಿನ ಹಸಿರು ಬೆಳಕಿಗೆ 275. ಪಟ್ಟೆ ಸರಿದ ಪ್ರಮಾಣವನ್ನು ಲೆಕ್ಕ ಹಾಕಿದರೆ ಒಂದು ನ್ಯಾನೋಮೀಟರಿಗೂ ಕಡಿಮೆ ಏರಿಳಿತ ಸಿಗುತ್ತದೆ.

ಆದರೆ ಒಂದೇ ಬಣ್ಣದ ಬೆಳಕಿನಲ್ಲಿ ಎಲ್ಲ ಪಟ್ಟೆಗಳೂ ಒಂದೇ ತರಹ. ದೊಡ್ಡ ಮೆಟ್ಟಿಲು ಎದುರಾದರೆ ಎಷ್ಟು ಪಟ್ಟೆ ಜಿಗಿದೆವು ಎಂಬುದೇ ಗೊತ್ತಾಗದು. ಇಲ್ಲಿ ಬಿಳಿ ಬೆಳಕು ನೆರವಿಗೆ ಬರುತ್ತದೆ. ಎರಡೂ ಕವಲುಗಳ ದಾರಿ ಹೆಚ್ಚುಕಡಿಮೆ ಸಮನಾದಾಗ, ಕೆಲವೇ ಮೈಕ್ರೋಮೀಟರ್ ಅಂತರದೊಳಗೆ ಮಾತ್ರ ಅದರ ಪಟ್ಟೆಗಳು ಕಾಣುತ್ತವೆ. ಮಸೂರವನ್ನು ಮೆಲ್ಲಗೆ ಮೇಲೆ ಕೆಳಗೆ ಸರಿಸುತ್ತಾ, ಪ್ರತಿ ಪಿಕ್ಸೆಲ್‌ನಲ್ಲಿ ಪಟ್ಟೆ ಯಾವಾಗ ಅತಿ ಸ್ಪಷ್ಟವಾಯಿತೆಂದು ದಾಖಲಿಸಿದರೆ ಇಡೀ ಮೇಲ್ಮೈಯ ಎತ್ತರದ ನಕ್ಷೆ ಸಿದ್ಧ.

ಕಂಪ್ಯೂಟರ್ ಇಲ್ಲದ 1940ರ ದಶಕದಲ್ಲೇ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಟೊಲಾನ್ಸ್ಕಿ ಈ ದಾರಿಯಲ್ಲಿ ಬಹುದೂರ ನಡೆದಿದ್ದರು. ಮಾದರಿಗೂ ಅದರ ಮೇಲಿಡುವ ಗಾಜಿಗೂ ಬೆಳ್ಳಿ ಲೇಪಿಸಿ, ನಡುವೆ ಬೆಳಕನ್ನು ಮತ್ತೆ ಮತ್ತೆ ಪುಟಿಸಿ, ದಪ್ಪ ಪಟ್ಟೆಗಳನ್ನು ನೂಲಿನಷ್ಟು ತೆಳುವಾಗಿಸಿದರು. ವಜ್ರದ ಮುಖದ ಮೇಲಿನ ತ್ರಿಕೋನ ಗುಳಿಗಳ ಆಳವನ್ನು ಅವರು ಅಳೆದದ್ದು ನನಗೆ ಇಂದಿಗೂ ಬೆರಗು.

ಇಂಥ ಸೂಕ್ಷ್ಮದರ್ಶಕದ ಖರೀದಿದಾರರು ಒಂದನ್ನು ಗಮನಿಸಬೇಕು. ನ್ಯಾನೋಮೀಟರ್ ನಿಖರತೆ ಎತ್ತರಕ್ಕೆ ಮಾತ್ರ. ಅಡ್ಡಲಾಗಿ ಭೌತವಿಜ್ಞಾನಿ ಅಬ್ಬೆ 1873ರಲ್ಲಿ ಹೇಳಿದ ಮಿತಿ ಹಾಗೇ ಇದೆ: 0.55 ಸಂಖ್ಯಾತ್ಮಕ ದ್ಯುತಿರಂಧ್ರದ, 50 ಪಟ್ಟು ಹಿಗ್ಗಿಸುವ ಮಸೂರ ಸುಮಾರು ಅರ್ಧ ಮೈಕ್ರೋಮೀಟರಿಗಿಂತ ಹತ್ತಿರದ ಚುಕ್ಕೆಗಳನ್ನು ಬಿಡಿಸಲಾರದು. ನಯವಾದ ಇಳಿಜಾರು ತೀರಾ ಕಡಿದಾದರೆ ಬೆಳಕು ಮಸೂರಕ್ಕೆ ಮರಳುವುದೇ ಇಲ್ಲ, ನಕ್ಷೆಯಲ್ಲಿ ತೂತು ಬೀಳುತ್ತದೆ. ಕಂಪನ ತಡೆಯುವ ಮೇಜೂ ಬೇಕು. ಗಾಜಿನ ಮೇಲೆ ಚಿನ್ನದ ಗೆರೆ ಇದ್ದರಂತೂ ಎರಡು ವಸ್ತುಗಳೂ ಬೆಳಕನ್ನು ಅಲೆಯ ಬೇರೆ ಬೇರೆ ಹಂತದಲ್ಲಿ ಮರಳಿಸಿ ಸುಳ್ಳು ಎತ್ತರ ತೋರಿಸುತ್ತವೆ. ಸಾಧ್ಯವಿದ್ದರೆ ಇಡೀ ಮಾದರಿಗೆ ಒಂದೇ ಲೋಹದ ತೆಳು ಲೇಪ ಕೊಟ್ಟು ಅಳೆಯುವುದು ಒಳ್ಳೆಯದು.