ತೋಡಿಗೊಂದು ಕಟ್ಟ, ಊರಿಗೊಂದು ನಂಟು

ಏಳು ದಿನದ ಎನ್ನೆಸ್ಸೆಸ್ ಶಿಬಿರದಿಂದ ಹಳ್ಳಿಗೆ ಏನು ಸಿಗುತ್ತದೆ? ದಕ್ಷಿಣ ಕನ್ನಡದ ತೋಡುಗಳಲ್ಲಿ ವಿದ್ಯಾರ್ಥಿಗಳು ತಡೆದು ನಿಲ್ಲಿಸುವ ನೀರಿನಲ್ಲಿ ಉತ್ತರವಿದೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಿದ್ದು, ಇಳಿಜಾರಿನ ತೋಡು ಹೊಳೆಗಳಲ್ಲಿ ಓಡಿ ಅರಬ್ಬಿ ಸಮುದ್ರ ಸೇರುತ್ತದೆ. ಫೆಬ್ರವರಿ ದಾಟುವಷ್ಟರಲ್ಲಿ ಎಷ್ಟೋ ತೋಡುಗಳು ಬತ್ತಿ, ಅಡಿಕೆ ತೋಟಗಳಿಗೆ ನೀರಿನ ಚಿಂತೆ ಶುರುವಾಗುತ್ತದೆ. ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲೇ ಇವೆ. ಇಂಥ ಊರುಗಳ ಸರ್ಕಾರಿ ಶಾಲೆಗೆ ಚಳಿಗಾಲದಲ್ಲಿ ಚಾಪೆ, ಹೊದಿಕೆ ಹೊತ್ತುಕೊಂಡು ಕಾಲೇಜು ಮಕ್ಕಳು ಬಂದಿಳಿಯುತ್ತಾರೆ. ಅವರ ಮುಂದಿನ ಏಳು ದಿನಗಳ ಮನೆ ಆ ಶಾಲೆಯೇ.

ಗಾಂಧಿ ಶತಮಾನೋತ್ಸವದ ವರ್ಷದಲ್ಲಿ

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು. ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ ವರ್ಷವದು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಇದಕ್ಕೆ ಚಾಲನೆ ಕೊಟ್ಟರು. 'ನನಗಲ್ಲ, ನಿನಗೆ' ಎಂಬುದು ಇದರ ಧ್ಯೇಯವಾಕ್ಯ. ಕೋನಾರ್ಕದ ಸೂರ್ಯ ದೇವಾಲಯದ ರಥಚಕ್ರ ಇದರ ಲಾಂಛನ. ಸ್ವಯಂಸೇವಕರಾದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು. ಜೊತೆಗೆ ದತ್ತು ಪಡೆದ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ. ಶಿಬಿರವೂ ವರ್ಷವಿಡೀ ನಡೆಯುವ ಸೇವೆಯೂ ಕೂಡಿಯೇ ಈ ಯೋಜನೆ ಪೂರ್ಣವಾಗುತ್ತದೆ.

ಶಿಬಿರದ ದಿನಚರಿ ಬಿಗಿಯಾದದ್ದು. ಬೆಳಕು ಹರಿಯುವ ಮೊದಲೇ ಏಳಬೇಕು. ಯೋಗ, ಧ್ವಜಾರೋಹಣ, ತಿಂಡಿ ಮುಗಿಸಿ ಶ್ರಮದಾನಕ್ಕೆ ಹೊರಡಬೇಕು. ಮಧ್ಯಾಹ್ನ ಉಪನ್ಯಾಸ, ಸಂಜೆ ಊರವರೂ ಸೇರುವ ಸಾಂಸ್ಕೃತಿಕ ಕಾರ್ಯಕ್ರಮ. ಅಡುಗೆಯ ಸರದಿ ತಂಡ ತಂಡಕ್ಕೂ ಬರುತ್ತದೆ. ತೆಂಗಿನಕಾಯಿ, ಬಾಳೆಗೊನೆ, ತರಕಾರಿ ಊರವರ ಮನೆಗಳಿಂದ ಹೊರೆಕಾಣಿಕೆಯಾಗಿ ಬರುತ್ತವೆ. ಮನೆಯಲ್ಲಿ ತಟ್ಟೆ ತೊಳೆಯದಿದ್ದ ಹುಡುಗನೂ ಇಲ್ಲಿ ಐವತ್ತು ಮಂದಿಗೆ ಅನ್ನ ಬಸಿಯುವುದನ್ನು ಕಲಿಯುತ್ತಾನೆ.

ಹಿರಿಯರೇ ಎಂಜಿನಿಯರು

ಕರಾವಳಿಯಲ್ಲಿ, ಗಡಿಯಾಚೆಯ ಕಾಸರಗೋಡಿನಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುವುದು ತಲೆಮಾರುಗಳ ರೂಢಿ. ಕೊಳವೆಬಾವಿ ಬಂದಮೇಲೆ, ಕೂಲಿಯಾಳುಗಳು ಸಿಗದಾದ ಮೇಲೆ ಅನೇಕ ಕಡೆ ಅದು ನಿಂತುಹೋಯಿತು. ಪಡ್ರೆಯ ಜಲಪತ್ರಕರ್ತ ಶ್ರೀಪಡ್ರೆಯವರಂಥವರು ದಶಕಗಳಿಂದ ಬರೆದು, ಮಾತಾಡಿ ಈ ಕಟ್ಟಗಳ ಮಹತ್ವವನ್ನು ಮತ್ತೆ ಜನರ ಮುಂದಿಟ್ಟಿದ್ದಾರೆ. ಆಳುಗಳ ಕೊರತೆ ಇರುವಲ್ಲಿ ಎನ್ನೆಸ್ಸೆಸ್ ಮಕ್ಕಳ ಕೈಗಳು ನೆರವಾಗುತ್ತಿವೆ.

ಆದರೆ ಜಾಗ ಎಲ್ಲಿ ಎಂದು ಹೇಳಬೇಕಾದವರು ಊರಿನ ಹಿರಿಯರು. ತೋಡು ಎಲ್ಲಿ ಕಿರಿದಾಗುತ್ತದೆ, ಎರಡೂ ದಂಡೆ ಎಲ್ಲಿ ಗಟ್ಟಿ, ನೀರು ಎಲ್ಲಿ ಪಕ್ಕದಿಂದ ನುಸುಳುತ್ತದೆ ಎಂಬುದು ಅವರಿಗೇ ಗೊತ್ತು. ಈಗ ಕಲ್ಲಿನ ಬದಲು ಮರಳು ತುಂಬಿದ ಹಳೆಯ ಚೀಲಗಳನ್ನು ಬಳಸುವುದು ಹೆಚ್ಚು. ಚೀಲವನ್ನು ಬಾಯಿಮಟ್ಟ ತುಂಬಿದರೆ ಅದು ಉರುಟಾಗಿ ನಿಂತು ನಡುವೆ ಸಂದಿ ಬಿಡುತ್ತದೆ. ಮುಕ್ಕಾಲು ತುಂಬಿದರೆ ಒಂದಕ್ಕೊಂದು ಅಂಟಿ ಕೂರುತ್ತದೆ. ಎರಡು ಸಾಲು ಚೀಲ, ನಡುವೆ ತುಳಿದು ಗಟ್ಟಿ ಮಾಡಿದ ಮಣ್ಣು, ನೀರಿನ ಕಡೆಗೆ ಪ್ಲಾಸ್ಟಿಕ್ ಹಾಳೆ. ಸಾಲಾಗಿ ನಿಂತು ಕೈಯಿಂದ ಕೈಗೆ ಚೀಲ ದಾಟಿಸುತ್ತ ಹೋದರೆ ಸಣ್ಣ ತೋಡಿನ ಕಟ್ಟ ಒಂದೇ ದಿನದಲ್ಲಿ ಎದ್ದು ನಿಲ್ಲುತ್ತದೆ. ನೀರು ತುಂಬಿ ಮೇಲಿಂದ ಹರಿಯತೊಡಗಿದಾಗ ಮಕ್ಕಳ ಕೇಕೆ ಗುಡ್ಡಕ್ಕೆ ಕೇಳುತ್ತದೆ. ನಿಂತ ನೀರು ಇಂಗಿ ಸುತ್ತಲಿನ ಬಾವಿಗಳ ಮಟ್ಟವನ್ನು ಹಿಡಿದಿಡುತ್ತದೆ. ಒಂದೇ ತೋಡಿನ ಉದ್ದಕ್ಕೂ ಸರಣಿಯಾಗಿ ಕಟ್ಟಿದರೆ ಲಾಭ ಇನ್ನೂ ಹೆಚ್ಚು.

ಬಿಚ್ಚುವುದಕ್ಕೂ ಬರಬೇಕು

ಕಟ್ಟದ ಕೆಲಸ ಕಟ್ಟಿದ ದಿನ ಮುಗಿಯುವುದಿಲ್ಲ. ಸೋರಿಕೆ ಕಂಡರೆ ಆಗಾಗ ಮಣ್ಣು ಮೆತ್ತಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಚೀಲ ಪುಡಿಯಾಗದಂತೆ ಮುಚ್ಚಿಡಬೇಕು. ಮುಂಗಾರಿನ ಮೊದಲು ಬಿಚ್ಚಲೇಬೇಕು. ಬಿಚ್ಚದೆ ಬಿಟ್ಟರೆ ನೆರೆನೀರು ದಂಡೆ ಕೊರೆದು ತೋಟಕ್ಕೆ ನುಗ್ಗುತ್ತದೆ, ಹರಿದ ಚೀಲಗಳು ಹೊಳೆಯ ಪಾಲಾಗುತ್ತವೆ. ನೀರು ಉಳಿಸಲು ಹೋದವರೇ ಹೊಳೆಗೆ ಕಸ ಸುರಿದಂತಾಗುತ್ತದೆ.

ಸಮಾರೋಪದ ದಿನ ಹಾರ ತುರಾಯಿ, ಪ್ರಮಾಣಪತ್ರ, ಗುಂಪು ಚಿತ್ರ ಎಲ್ಲವೂ ಚೆಂದ. ಶಿಬಿರದ ನಿಜವಾದ ಪರೀಕ್ಷೆ ಆಮೇಲಿನದು. ಮಾರ್ಚ್‌ನಲ್ಲಿ ಯಾರಾದರೂ ಹೋಗಿ ಬಾವಿಯ ನೀರನ್ನು ಹಗ್ಗ ಇಳಿಬಿಟ್ಟು ಅಳೆದರೇ? ಮೇ ತಿಂಗಳಲ್ಲಿ ಕಟ್ಟ ಬಿಚ್ಚಲು ಹತ್ತು ಮಂದಿಯಾದರೂ ಬಂದರೇ? ಮುಂದಿನ ವರ್ಷದ ಹೊಸ ತಂಡಕ್ಕೆ ಅದೇ ಊರಿನ ದಾರಿ ತೋರಿಸಿದರೇ? ಯೋಜನೆಯ ವರ್ಷದ 120 ಗಂಟೆಗಳನ್ನು ಇಂಥದಕ್ಕೇ ಬಳಸಬಹುದು. ಹಾಗೆ ಮರಳಿ ಹೋದ ತಂಡಕ್ಕೆ ಊರಿನವರು ಅತಿಥಿ ಸತ್ಕಾರ ಮಾಡುವುದಿಲ್ಲ. ಮನೆಯ ಮಕ್ಕಳಂತೆ ಕೆಲಸ ಹೇಳುತ್ತಾರೆ. ಸೇವೆಗೆ ಸಿಗಬಹುದಾದ ದೊಡ್ಡ ಮನ್ನಣೆ ಅದು.

ಕಾಲೇಜುಗಳು ಪ್ರತಿ ವರ್ಷ ಹೊಸ ಊರು ಹುಡುಕುವುದನ್ನು ಬಿಟ್ಟು ಕನಿಷ್ಠ ಮೂರು ವರ್ಷ ಒಂದೇ ಊರಿನ ಜೊತೆ ನಿಲ್ಲಲಿ. ಕೆಲಸವನ್ನು ಪಂಚಾಯಿತಿ, ಯುವಕ ಮಂಡಲ, ತೋಟದ ಯಜಮಾನರ ಜೊತೆ ಕೂತು ಮೊದಲೇ ಗೊತ್ತುಮಾಡಲಿ. ಕಟ್ಟುವ ದಿನಾಂಕದ ಪಕ್ಕದಲ್ಲೇ ಬಿಚ್ಚುವ ದಿನಾಂಕವನ್ನೂ ಬರೆದಿಡಲಿ. ನಿಮ್ಮೂರಿಗೆ ಈ ಚಳಿಗಾಲದಲ್ಲಿ ಶಿಬಿರ ಬಂದರೆ ಭಾಷಣ ಕೇಳಿ ಎದ್ದು ಬರಬೇಡಿ. ಹಾರೆ ಹಿಡಿದು ಆ ಮಕ್ಕಳ ಜೊತೆ ತೋಡಿಗೆ ಇಳಿಯಿರಿ.